ಟ್ರೇ ಅಂಚಿನ ಐದು ಮಿಲಿಮೀಟರ್

ಬ್ರಿಟನ್ನಿನ ಯಾವುದೇ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಂಜೆ ಆರರ ಹೊತ್ತಿಗೆ ಜನ ಗುಂಪುಗೂಡುವುದು ತಂಪು ಕಪಾಟುಗಳ ಮುಂದೆ. ಲಸಾನ್ಯ, ಕಾಟೇಜ್ ಪೈ, ಅನ್ನದ ಜೊತೆ ಚಿಕನ್ ಟಿಕ್ಕಾ ಮಸಾಲ, ಥಾಯ್ ಗ್ರೀನ್ ಕರಿ. ಎಲ್ಲವನ್ನೂ ಬೇಯಿಸಿ, ತಣಿಸಿ, ಪ್ಲಾಸ್ಟಿಕ್ ಟ್ರೇಗೆ ತುಂಬಿ, ಮೇಲೊಂದು ತೆಳು ಫಿಲ್ಮ್ ಅಂಟಿಸಿ, ರಟ್ಟಿನ ಹೊದಿಕೆ ತೊಡಿಸಿ ಇಟ್ಟಿರುತ್ತಾರೆ. ಮನೆಗೆ ಒಯ್ದು ಬಿಸಿ ಮಾಡಿದರೆ ರಾತ್ರಿಯೂಟ ಮುಗಿಯಿತು. 1979ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಗಳು ಚಿಕನ್ ಕೀವ್ ಎಂಬ ತಿನಿಸನ್ನು ಫ್ರೀಜ್ ಮಾಡದೆ ಬರೀ ತಂಪಾಗಿಟ್ಟು ಮಾರಿದವು. ಇಂದಿನ ದೊಡ್ಡ ವ್ಯಾಪಾರಕ್ಕೆ ದಾರಿ ತೆರೆದದ್ದು ಆ ತಿನಿಸು. ಅಡುಗೆಯ ರುಚಿ, ಬೆಲೆ, ಉಪ್ಪು, ಕೊಬ್ಬು ಇವುಗಳ ಬಗ್ಗೆ ಅಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಟ್ರೇಯ ಅಂಚಿನಲ್ಲಿ ನಾಲ್ಕೈದು ಮಿಲಿಮೀಟರ್ ಅಗಲಕ್ಕೆ ಸುತ್ತಲೂ ಓಡುವ ಬೆಸುಗೆಯ ಬಗ್ಗೆ ಕಾರ್ಖಾನೆಯ ಒಳಗಿನವರನ್ನು ಬಿಟ್ಟರೆ ಯಾರೂ ಮಾತಾಡುವುದಿಲ್ಲ.

ಅಮೆರಿಕದಲ್ಲಿ 1950ರ ದಶಕದಲ್ಲಿ ಮನೆಮಾತಾದ ಟಿವಿ ಡಿನ್ನರ್‌ಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಅದು ಹೆಪ್ಪುಗಟ್ಟಿದ ಊಟ. ಅಲ್ಯೂಮಿನಿಯಂ ತಟ್ಟೆಯ ಮೇಲಿನ ಹಾಳೆ ಸ್ವಲ್ಪ ಸಡಿಲವಾಗಿದ್ದರೂ ಆ ಚಳಿಯಲ್ಲಿ ಸೂಕ್ಷ್ಮಜೀವಿ ಬೆಳೆಯದು. ನಮ್ಮ ಅಂಗಡಿಗಳಲ್ಲಿ ಸಿಗುವ ಬಿಸಿಬೇಳೆಬಾತ್, ಪಾಲಕ್ ಪನೀರ್ ಪೌಚುಗಳದ್ದು ಇನ್ನೊಂದು ಬಗೆ. ಸೀಲ್ ಮಾಡಿದ ಮೇಲೆ ಸುಮಾರು 121 ಡಿಗ್ರಿಯಲ್ಲಿ ಒತ್ತಡದೊಳಗೆ ಬೇಯಿಸಿ ಎಲ್ಲವನ್ನೂ ಕೊಂದಿರುತ್ತಾರೆ, ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದು. ತಂಪಿನ ಊಟ ಇವೆರಡರ ನಡುವಿನದು. ಹದವಾಗಿ ಮಾತ್ರ ಬೆಂದಿದೆ, ತರಕಾರಿಯ ಬಣ್ಣ ಉಳಿದಿದೆ, ಜೊತೆಗೆ ಕೆಲವು ಬೀಜಾಣುಗಳೂ ಉಳಿದಿವೆ. ಅದನ್ನು ಕಾಯುವುದಕ್ಕೆ ಫ್ರಿಜ್ಜಿನ ತಂಪು ಮತ್ತು ಆ ಬೆಸುಗೆ ಬಿಟ್ಟರೆ ಬೇರೇನೂ ಇಲ್ಲ.

ಪೌಚಿನ ಸೀಲ್‌ಗೂ ಟ್ರೇಯ ಸೀಲ್‌ಗೂ ಇರುವ ಇನ್ನೊಂದು ವ್ಯತ್ಯಾಸವೇ ಈ ಇಡೀ ವಿಷಯದ ಗಂಟು. ಪೌಚಿನ ಬೆಸುಗೆಯನ್ನು ಯಾರೂ ಬಿಡಿಸುವುದಿಲ್ಲ. ಪಕ್ಕದಲ್ಲಿ ಸಣ್ಣ ಕಚ್ಚು ಮಾಡಿರುತ್ತಾರೆ, ಅಲ್ಲಿಂದ ಹರಿಯುತ್ತೇವೆ. ಹಾಗಾಗಿ ಬೆಸುಗೆ ಎಷ್ಟು ಗಟ್ಟಿಯಾದರೂ ಸರಿ. ಟ್ರೇಯಲ್ಲಿ ಮುಚ್ಚುವ ಗೆರೆಯೂ ತೆರೆಯುವ ಗೆರೆಯೂ ಒಂದೇ. ಲಾರಿಯಲ್ಲಿ ಕುಲುಕಿದರೂ, ಒಂದರ ಮೇಲೊಂದು ಪೇರಿಸಿದರೂ ಅದು ಬಿಡಬಾರದು. ಎಪ್ಪತ್ತು ದಾಟಿದವರು ಮೂಲೆ ಹಿಡಿದು ಎಳೆದರೆ ಫಿಲ್ಮ್ ಹರಿಯದೆ ಒಂದೇ ಹಾಳೆಯಾಗಿ ಎದ್ದು ಬರಬೇಕು. ಪ್ಯಾಕಿಂಗ್‌ನವರು 15 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ ಎಳೆತದ ಯಂತ್ರಕ್ಕೆ ಸಿಕ್ಕಿಸಿ ಬಲ ಅಳೆಯುತ್ತಾರೆ. ಸ್ಥೂಲವಾಗಿ ಅರ್ಧ ಕೆಜಿಗಿಂತ ಕಡಿಮೆ ಎಳೆತಕ್ಕೆ ಬಿಟ್ಟರೆ ಸಾಗಾಟದಲ್ಲಿ ಭಯ, ಒಂದೂವರೆ ಕೆಜಿ ದಾಟಿದರೆ ಅಡುಗೆಮನೆಯಲ್ಲಿ ಚಾಕು ಹೊರಬರುತ್ತದೆ. ಈ ಕಿರಿದಾದ ನಡುವಿನಲ್ಲಿ ಗಂಟೆಗೆ ಸಾವಿರಾರು ಟ್ರೇಗಳು ಒಂದೇ ಹದದಲ್ಲಿ ಕೂರಬೇಕು.

ಬೆಸುಗೆ ಹೇಗೆ ಕೂರುತ್ತದೆ ಎಂಬುದು ತತ್ವದಲ್ಲಿ ಸುಲಭ. ಮುಚ್ಚುವ ಫಿಲ್ಮಿನ ಹೊರಪದರ ಸಾಮಾನ್ಯವಾಗಿ 12 ಮೈಕ್ರಾನ್ ಆಸುಪಾಸಿನ ಪಾಲಿಯೆಸ್ಟರ್. ಅದು ಕರಗುವುದು 250 ಡಿಗ್ರಿ ದಾಟಿದ ಮೇಲೆ. ಒಳಪದರ ಅದಕ್ಕಿಂತ ತುಂಬ ಕಡಿಮೆ ಶಾಖಕ್ಕೇ ಮೆತ್ತಗಾಗುವ ಪ್ಲಾಸ್ಟಿಕ್. ಬಿಸಿಯಾದ ಲೋಹದ ಚೌಕಟ್ಟು ಮೇಲಿಂದ ಒತ್ತುತ್ತದೆ, ಟ್ರೇಯ ಅಂಚಿನ ಕೆಳಗೆ ಸಿಲಿಕೋನ್ ರಬ್ಬರಿನ ಆಸರೆ ಇರುತ್ತದೆ. ಒಂದು ಸೆಕೆಂಡಿನಷ್ಟು ಹೊತ್ತಿನಲ್ಲಿ ಹೊರಪದರ ಕದಲದೆ ಶಾಖವನ್ನು ಒಳಕ್ಕೆ ದಾಟಿಸುತ್ತದೆ. ಒಳಪದರ ಕರಗಿ ಟ್ರೇಯ ಮೈಗೆ ಹರಡಿಕೊಳ್ಳುತ್ತದೆ. ಎರಡರ ಅಣುಸರಪಳಿಗಳು ಒಂದಕ್ಕೊಂದು ನುಸುಳಿ ತೊಡರಿಕೊಳ್ಳುತ್ತವೆ. ಶಾಖ, ಒತ್ತಡ, ಸಮಯ ಈ ಮೂರನ್ನು ಹದ ಮಾಡಿದರೆ ಕೆಲಸ ಆಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ಅಂಚು ಶುಚಿಯಾಗಿದ್ದರೆ ಅದು ನಿಜ.

ಸೀಲ್ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ಡಬ್ಬಿಯ ಕಾಲದಲ್ಲೇ ಕಂಡಿತ್ತು. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ 400ಕ್ಕೂ ಹೆಚ್ಚು ಜನರಿಗೆ ವಿಷಮಶೀತ ಜ್ವರ ಬಂತು. ಅರ್ಜೆಂಟೀನಾದಿಂದ ಬಂದ ಕಾರ್ನ್ಡ್ ಬೀಫ್ ಡಬ್ಬಿಯ ಮೇಲೆ ಅನುಮಾನ ಬಿತ್ತು: ಬೇಯಿಸಿದ ಡಬ್ಬಿಗಳನ್ನು ಅಲ್ಲಿ ಶುದ್ಧಗೊಳಿಸದ ನದಿ ನೀರಿನಲ್ಲಿ ತಣಿಸುತ್ತಿದ್ದರು, ತಣಿಯುವಾಗ ಒಳಗೆ ಒತ್ತಡ ಇಳಿದು ಹೊಲಿಗೆಯ ಸಂದಿನಿಂದ ನೀರು ಒಳಕ್ಕೆ ಎಳೆದುಕೊಂಡಿತ್ತು. 1978ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾಲ್ಮನ್ ಮೀನಿನ ಒಂದೇ ಡಬ್ಬಿ ತಿಂದ ನಾಲ್ವರಿಗೆ ಬೊಟುಲಿಸಂ ಎಂಬ ಆಹಾರವಿಷದ ಕಾಯಿಲೆ ತಗುಲಿ ಇಬ್ಬರು ಸತ್ತರು. ಆ ಡಬ್ಬಿಯಲ್ಲೂ ಸಣ್ಣದೊಂದು ತೂತು ಇತ್ತು. ಎರಡು ಕಡೆಯೂ ಅಡುಗೆ ಸರಿಯಾಗಿಯೇ ಬೆಂದಿತ್ತು. ಕೆಟ್ಟದ್ದು ಬೆಂದ ಮೇಲೆ ಒಳನುಗ್ಗಿತು.

ತಂಪಿನ ಟ್ರೇಯಲ್ಲಿ ಒಂದು ವಿಚಿತ್ರ ತಿರುವೂ ಇದೆ. ಬಾಳಿಕೆ ಹೆಚ್ಚಲೆಂದು ಟ್ರೇಯೊಳಗಿನ ಗಾಳಿ ತೆಗೆದು ಸಾರಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ತುಂಬುವ ಪದ್ಧತಿ ಇದೆ. ಆಮ್ಲಜನಕ ಇಲ್ಲದಿದ್ದರೆ ಬೂಷ್ಟು ಬೆಳೆಯದು, ಎಣ್ಣೆ ಕಮಟು ಹಿಡಿಯದು. ಆದರೆ ಬೊಟುಲಿಸಂ ತರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೇ ಆಮ್ಲಜನಕವಿಲ್ಲದ ಜಾಗ; ಅದರ ಒಂದು ಬಗೆ 3 ಡಿಗ್ರಿ ತಂಪಿನಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಅದಕ್ಕೇ ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ ಇಂಥ ಪ್ಯಾಕುಗಳಿಗೆ ಹತ್ತು ದಿನಗಳ ಮಿತಿ ಹೇಳುತ್ತದೆ. ಅದಕ್ಕೂ ಹೆಚ್ಚು ದಿನ ಇಡಬೇಕಾದರೆ ತಂಪಿನ ಜೊತೆಗೆ ಇನ್ನೊಂದು ತಡೆ ಬೇಕು: 90 ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿರಬೇಕು, ಅಥವಾ ಹುಳಿ, ಉಪ್ಪು, ನೀರಿನಂಶ ಇವುಗಳಲ್ಲೊಂದು ಗೊತ್ತಾದ ಮಟ್ಟದಲ್ಲಿರಬೇಕು. ಸೀಲ್ ಚೆನ್ನಾಗಿದೆ ಎಂಬ ಧೈರ್ಯದ ಮೇಲೆ ದಿನ ಹೆಚ್ಚಿಸುವ ಹಾಗಿಲ್ಲ. ಸೀಲ್ ಸುಧಾರಿಸಿದರೆ ಪ್ಯಾಕ್ ಸೋರುವುದು, ಅಂಗಡಿಯಿಂದ ವಾಪಸ್ ಬರುವುದು, ಅವಧಿಗೆ ಮೊದಲೇ ಕೆಡುವುದು ಇವೆಲ್ಲ ತಗ್ಗುತ್ತವೆ. ಒಳಗೇ ಉಳಿದ ಬೀಜಾಣುವಿಗೆ ಅದು ಮದ್ದಲ್ಲ. ಸೀಲ್ ಯಂತ್ರ ಮಾರುವವರ ಮಾತಿನಲ್ಲಿ ಈ ಎರಡು ಆಗಾಗ ಕಲಸಿಹೋಗುತ್ತವೆ.

ಹಾಗಾದರೆ ಸೋರುವ ಟ್ರೇ ಎಲ್ಲಿ ಹುಟ್ಟುತ್ತದೆ? ಹೆಚ್ಚಿನ ಸಲ ಸೀಲ್ ಯಂತ್ರಕ್ಕೆ ಬರುವ ಮೊದಲೇ ಎಂಬುದು ನನ್ನ ತೀರ್ಮಾನ. ತುಂಬುವ ಜಾಗದಿಂದ ಸೀಲ್ ಯಂತ್ರದವರೆಗಿನ ಕೆಲವೇ ಮೀಟರ್ ದಾರಿಯನ್ನು ನೋಡಿ. ಗ್ರೇವಿ ಸುರಿಯುವ ನಳಿಕೆ ಮುಚ್ಚಿಕೊಂಡ ಮೇಲೂ ತುದಿಯಲ್ಲಿ ಒಂದು ಎಳೆ ನೇತಾಡುತ್ತಿರುತ್ತದೆ. ಟ್ರೇ ಮುಂದೆ ಸರಿದಾಗ ಆ ಎಳೆ ಅಂಚಿನ ಮೇಲೆ ಮಲಗುತ್ತದೆ. ತುರಿದ ಚೀಸ್ ಉದುರಿಸುವಾಗ ಎರಡು ಟ್ರೇಗಳ ನಡುವೆಯೂ ಉದುರುತ್ತದೆ. ಬೆಲ್ಟ್ ಗಕ್ಕನೆ ನಿಂತು ಗಕ್ಕನೆ ಹೊರಟರೆ ತೆಳು ಸಾರು ಅಲೆಯೆದ್ದು ಮುಂದಿನ ಗೋಡೆ ಹತ್ತುತ್ತದೆ. ಇವೆಲ್ಲ ಸೆಕೆಂಡಿನೊಳಗೆ ನಡೆದುಹೋಗುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಚಿನ ಮೇಲೆ ಬಿದ್ದದ್ದು ಏನು ಎಂಬುದರ ಮೇಲೆ ಹಾನಿಯ ಬಗೆ ಬೇರೆ. ನೀರಿನ ಹನಿಯಾದರೆ ಅದು ಶಾಖ ಕದಿಯುತ್ತದೆ: ಒಂದಿಷ್ಟು ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು ಅದನ್ನು ಆವಿ ಮಾಡಲು ಬೇಕು. ಆ ಒಂದು ಸೆಕೆಂಡಿನಲ್ಲಿ ಪ್ಲಾಸ್ಟಿಕ್ಕಿಗೆ ಸಿಗಬೇಕಾದ ಬಿಸಿ ಹನಿಗೆ ಹೋಗುತ್ತದೆ, ಎದ್ದ ಆವಿ ಬೆಸುಗೆಯೊಳಗೆ ಗುಳ್ಳೆ ಬಿಡುತ್ತದೆ. ಎಣ್ಣೆ ಬೇರೆ ಥರ. ಆವಿಯಾಗದು, ತೆಳ್ಳಗೆ ಹರಡಿ ಪ್ಲಾಸ್ಟಿಕ್ ಪ್ಲಾಸ್ಟಿಕ್ಕನ್ನು ಮುಟ್ಟದಂತೆ ನಡುವೆ ಕೂರುತ್ತದೆ. ನೋಡಲು ಬೆಸುಗೆ ಚೆನ್ನಾಗಿಯೇ ಕಾಣುತ್ತದೆ, ಎರಡು ದಿನದ ಮೇಲೆ ಬಿಡುತ್ತದೆ. ಗಂಜಿಯಂಥ ದಪ್ಪ ಸಾಸ್ ಒಣಗಿ ಪುಡಿಯ ಪಟ್ಟಿಯಾಗುತ್ತದೆ. ಅನ್ನದ ಅಗುಳು ಬಿದ್ದರೆ ಅದರ ಎರಡೂ ಪಕ್ಕದಲ್ಲಿ ಫಿಲ್ಮ್ ಡೇರೆಯ ಬಟ್ಟೆಯಂತೆ ಎತ್ತಿ ನಿಂತು ಒಳಗಿನಿಂದ ಹೊರಕ್ಕೆ ಎರಡು ಸುರಂಗಗಳು ಉಳಿಯುತ್ತವೆ. ಅಗುಳು ಕಣ್ಣಿಗೆ ಕಾಣುತ್ತದೆ, ಆ ಟ್ರೇಯನ್ನು ಯಾರಾದರೂ ಎತ್ತಿಹಾಕುತ್ತಾರೆ. ಪ್ಯಾಕಿಂಗ್‌ನವರ ನಿದ್ದೆ ಕೆಡಿಸುವುದು ಎಣ್ಣೆ.

ಇದಕ್ಕೆ ಮಾಡಬಹುದಾದ ಉಪಾಯಗಳು ಅಗ್ಗ, ಹೇಳಿಕೊಳ್ಳಲು ಸಪ್ಪೆ. ನಳಿಕೆಯ ತುದಿಯಲ್ಲಿ ಹನಿ ಕತ್ತರಿಸುವ ಕವಾಟ, ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ಹೀರಿಕೊಳ್ಳುವ ವ್ಯವಸ್ಥೆ. ತುಂಬುವಾಗ ಅಂಚಿನ ಮೇಲೆ ಇಳಿದು ಕೂತು ಮತ್ತೆ ಏಳುವ ಲೋಹದ ಮರೆ. ಬೆಲ್ಟಿನ ವೇಗ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವಂತೆ ಸರ್ವೋ ಮೋಟರಿನ ಚಲನೆ ತಿದ್ದುವುದು. ಗ್ರೇವಿಯ ಮಟ್ಟವನ್ನು ಅಂಚಿನಿಂದ ಒಂದು ಸೆಂಟಿಮೀಟರ್ ಕೆಳಗೆ ಇಳಿಸುವುದು. ಮೊದಲು ಅನ್ನ ಹಾಕಿ ನಡುವೆ ಗುಳಿ ಮಾಡಿ ಅದರೊಳಗೆ ಗ್ರೇವಿ ಬಿಡುವುದು. ಕ್ರಮ ಬದಲಿಸಿದ್ದಕ್ಕೇ ಎರಚಲು ತಗ್ಗುತ್ತದೆ. ಟ್ರೇ ದೊಡ್ಡದಾಗಿ ಊಟ ಕಡಿಮೆ ಕಂಡರೆ ಗಿರಾಕಿ ಕೊಳ್ಳುವುದಿಲ್ಲ ಎಂದು ಮಾರಾಟ ವಿಭಾಗದವರು ಮಟ್ಟ ಇಳಿಸಲು ಒಪ್ಪುವುದಿಲ್ಲ. ಈ ಜಗಳ ಎಂಜಿನಿಯರಿಂಗ್‌ಗೆ ಸೇರಿದ್ದಲ್ಲ, ಆದರೆ ಸೀಲ್ ಎಷ್ಟು ಶುಚಿಯಾಗಿರುತ್ತದೆ ಎಂಬುದು ಬಹಳ ಸಲ ಅಲ್ಲೇ ನಿರ್ಧಾರವಾಗುತ್ತದೆ.

ಯಂತ್ರದ ಕಡೆಗೆ ಬಂದರೆ, ಹಳೆಯ ಚಪ್ಪಟೆ ಚೌಕಟ್ಟಿನ ಬದಲು ಈಗ ಉಬ್ಬುಗೆರೆ ಇರುವ ಚೌಕಟ್ಟು ಬಂದಿದೆ. ಒತ್ತಡವೆಲ್ಲ ಒಂದೆರಡು ಮಿಲಿಮೀಟರ್ ಅಗಲದ ಗೆರೆಯ ಮೇಲೆ ಬೀಳುವುದರಿಂದ ಅಂಚಿನ ತೇವ ಎರಡು ಪಕ್ಕಕ್ಕೂ ಸರಿದುಹೋಗುತ್ತದೆ. ಸೀಲ್ ಕಿರಿದಾದರೂ ಶುಚಿಯಾಗಿರುತ್ತದೆ. ಅಗಲವಾದಷ್ಟೂ ಗಟ್ಟಿ ಎಂಬ ನಂಬಿಕೆಗೆ ಅಷ್ಟೇನೂ ಆಧಾರವಿಲ್ಲ. ಚೌಕಟ್ಟಿನ ಶಾಖವನ್ನು ಒಂದೇ ಕಡೆ ಅಳೆಯುವುದು ಇನ್ನೊಂದು ಹಳೆಯ ರೋಗ. ಒಳಗಿನ ನಾಲ್ಕೈದು ಹೀಟರುಗಳಲ್ಲಿ ಒಂದು ಸತ್ತರೂ ಫಲಕದಲ್ಲಿ 180 ಎಂದೇ ತೋರಿಸುತ್ತಿರುತ್ತದೆ, ದೂರದ ಮೂಲೆ ಮಾತ್ರ ತಣ್ಣಗಿರುತ್ತದೆ. ಒಂದೇ ಮೂಲೆಯಲ್ಲಿ ಪದೇ ಪದೇ ಸೋರುವ ಟ್ರೇ ಸಿಕ್ಕರೆ ಅನುಭವಸ್ಥರು ಫಿಲ್ಮ್ ಬದಲಿಸಲು ಹೋಗುವುದಿಲ್ಲ, ಚೌಕಟ್ಟು ಬಿಚ್ಚುತ್ತಾರೆ.

ಅಲ್ಟ್ರಾಸಾನಿಕ್ ಸೀಲ್ ಬಗ್ಗೆ ಉತ್ಸಾಹ ಹೆಚ್ಚಿದೆ. ಸೆಕೆಂಡಿಗೆ 20ರಿಂದ 40 ಸಾವಿರ ಸಲ ಕಂಪಿಸುವ ಲೋಹದ ತುದಿ ಫಿಲ್ಮನ್ನು ಒತ್ತಿದಾಗ ಶಾಖ ಹೊರಗಿನಿಂದ ಬರುವುದಿಲ್ಲ, ಬೆಸುಗೆಯಾಗಬೇಕಾದ ಜಾಗದಲ್ಲೇ ಹುಟ್ಟುತ್ತದೆ. ಕಂಪನವೇ ಹನಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಸಲಾಡ್ ಚೀಲ, ಕಾಫಿ ಕ್ಯಾಪ್ಸೂಲ್‌ಗಳಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಒಂದೇ ಏಟಿಗೆ ಆರೆಂಟು ದೊಡ್ಡ ಟ್ರೇ ಸೀಲ್ ಮಾಡುವ ಲೈನಿಗೆ ಮಾತ್ರ ಅಷ್ಟು ದೊಡ್ಡ ಚೌಕಟ್ಟನ್ನು ಸುತ್ತಲೂ ಒಂದೇ ಸಮ ಕಂಪಿಸುವಂತೆ ಮಾಡುವುದು ಕಷ್ಟ, ದುಬಾರಿಯೂ ಹೌದು.

ತಪಾಸಣೆಯ ಲೆಕ್ಕ ಇನ್ನೂ ಕುತೂಹಲದ್ದು. ನಿಮಿಷಕ್ಕೆ 100 ಟ್ರೇ ಓಡುವ ಲೈನ್ ಇದೆ ಎನ್ನಿ. ಎಂಟು ಗಂಟೆಯ ಶಿಫ್ಟಿನಲ್ಲಿ 48,000 ಟ್ರೇ. ಅರ್ಧ ಗಂಟೆಗೊಮ್ಮೆ ಐದು ಟ್ರೇ ತೆಗೆದು ಪರೀಕ್ಷಿಸಿದರೆ ಶಿಫ್ಟಿಗೆ 80. ಐನೂರಕ್ಕೆ ಒಂದು ಟ್ರೇ ಸೋರುತ್ತಿದ್ದರೆ ಆ ಶಿಫ್ಟಿನಲ್ಲಿ 96 ಸೋರುವ ಟ್ರೇಗಳು ಹೊರಗೆ ಹೋಗುತ್ತವೆ. ಪರೀಕ್ಷಿಸಿದ 80ರಲ್ಲಿ ಒಂದೂ ಸಿಗದಿರುವ ಸಂಭವ ನೂರಕ್ಕೆ 85. ರಿಜಿಸ್ಟರಿನಲ್ಲಿ ಎಲ್ಲ ಸರಿ ಎಂದು ಬರೆದವರು ಸುಳ್ಳು ಬರೆದಿಲ್ಲ, ಆದರೂ ಆ ಬರಹದಿಂದ ಏನೂ ತಿಳಿಯುವುದಿಲ್ಲ. ಹೀಟರ್ ಸತ್ತಂಥ ದೊಡ್ಡ ದೋಷವನ್ನು ಮಾದರಿ ಪರೀಕ್ಷೆ ಹಿಡಿಯುತ್ತದೆ; ಅಲ್ಲೊಂದು ಇಲ್ಲೊಂದು ಬೀಳುವ ಅಗುಳು, ಎಣ್ಣೆ ಹನಿಗಳನ್ನು ಹಿಡಿಯದು.

ಪರೀಕ್ಷೆಗಳ ಕಣ್ಣಿನ ಹರಿತವೂ ಒಂದೇ ಅಲ್ಲ. ಟ್ರೇಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವ ವಿಧಾನದ ಅಮೆರಿಕನ್ ಮಾನದಂಡ 250 ಮೈಕ್ರಾನಿನ ತೂತನ್ನು ಹಿಡಿಯುವ ಭರವಸೆಯನ್ನಷ್ಟೇ ಕೊಡುತ್ತದೆ. ಬಣ್ಣದ ದ್ರವ ಹರಿಸಿ ನೋಡುವ ಇನ್ನೊಂದು ಮಾನದಂಡ 50 ಮೈಕ್ರಾನಿನ ಸುರಂಗದವರೆಗೆ ಇಳಿಯುತ್ತದೆ. ಎರಡೂ ವೈದ್ಯಕೀಯ ಪ್ಯಾಕಿಂಗ್‌ಗಾಗಿ ಬಂದವು, ಆಹಾರದವರು ಎರವಲು ಪಡೆದರು. ಬ್ಯಾಕ್ಟೀರಿಯಾದ ಗಾತ್ರ ಒಂದು ಮೈಕ್ರಾನ್ ಆಸುಪಾಸು. ತೂತಿನಲ್ಲಿ ದ್ರವ ತುಂಬಿಕೊಂಡರೆ ಹತ್ತಾರು ಮೈಕ್ರಾನಿನ ದಾರಿಯೂ ಅದಕ್ಕೆ ಸಾಕು. ಇವೆರಡೂ ಪ್ಯಾಕನ್ನು ಹಾಳುಮಾಡುವ ಪರೀಕ್ಷೆಗಳಾದ್ದರಿಂದ ಎಲ್ಲ ಟ್ರೇಗೂ ಮಾಡಲಾಗದು. ಓಡುವ ಲೈನಿನಲ್ಲೇ ಪ್ರತಿ ಟ್ರೇಯನ್ನೂ ನೋಡಲು ಬೇರೆ ಸಾಧನಗಳು ಬಂದಿವೆ: ಸೀಲ್ ಆದ ಕೂಡಲೇ ಅಂಚಿನ ಶಾಖದ ಚಿತ್ರ ತೆಗೆಯುವ ಕ್ಯಾಮೆರಾ, ಬೆಳಕಿನ ಹಲವು ಅಲೆಯಳತೆಗಳಲ್ಲಿ ನೋಡುವ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ, ಟ್ರೇಯನ್ನು ಮೆಲ್ಲಗೆ ಒತ್ತಿ ಫಿಲ್ಮ್ ಎಷ್ಟು ತಿರುಗಿ ಒತ್ತುತ್ತದೆ ಎಂದು ಅಳೆಯುವ ಯಂತ್ರ, ಸೋರುವ ಇಂಗಾಲದ ಡೈಆಕ್ಸೈಡನ್ನು ಮೂಸುವ ಸೆನ್ಸರ್. ಫಿಲ್ಮಿನ ಮೇಲೆ ಅಂಚಿನವರೆಗೂ ಗಾಢ ಬಣ್ಣ ಮುದ್ರಿಸಿದ್ದರೆ ಕ್ಯಾಮೆರಾ ತಡಕಾಡುತ್ತದೆ. ಬಣ್ಣ ಬಿಟ್ಟು ಅಂಚನ್ನು ಪಾರದರ್ಶಕವಾಗಿ ಉಳಿಸಿದರೆ ಅರ್ಧ ಸಮಸ್ಯೆ ಕರಗುತ್ತದೆ. ಇದನ್ನೂ ವಿನ್ಯಾಸ ವಿಭಾಗದವರು ಒಪ್ಪಬೇಕು. ಕ್ಯಾಮೆರಾ ಸೋರುವ ಟ್ರೇಯನ್ನು ಎತ್ತಿಹಾಕುತ್ತದೆ, ಸೋರುವುದನ್ನು ನಿಲ್ಲಿಸುವುದಿಲ್ಲ. ಯಾವ ನಳಿಕೆಯ ಕೆಳಗಿನಿಂದ ಬಂದ ಟ್ರೇ ಎಂದು ಅದರ ದಾಖಲೆಯನ್ನು ಹಿಂದಕ್ಕೆ ಓದುವ ಕಾರ್ಖಾನೆಗೆ ಮಾತ್ರ ಅದರ ಬೆಲೆ ಪೂರ್ತಿ ಹುಟ್ಟುತ್ತದೆ.

ಇಷ್ಟೆಲ್ಲ ಹದಕ್ಕೆ ಬರುವ ಹೊತ್ತಿಗೆ ಪ್ಲಾಸ್ಟಿಕ್ಕೇ ಬದಲಾಗುತ್ತಿದೆ. ಒಲೆಗೂ ಮೈಕ್ರೋವೇವ್‌ಗೂ ಹೊಂದುತ್ತಿದ್ದ, 220 ಡಿಗ್ರಿ ತಡೆಯುತ್ತಿದ್ದ ಸಿಪಿಇಟಿ ಎಂಬ ಪ್ಲಾಸ್ಟಿಕ್ಕಿನ ಟ್ರೇಗಳು ಬಹುತೇಕ ಕಪ್ಪಾಗಿದ್ದವು. ಆ ಕಪ್ಪಿಗೆ ಬಳಸುವ ಕಾರ್ಬನ್ ಬ್ಲ್ಯಾಕ್ ಅವಗೆಂಪು ಕಿರಣವನ್ನು ನುಂಗುವುದರಿಂದ ಮರುಬಳಕೆ ಘಟಕದ ವಿಂಗಡಿಸುವ ಯಂತ್ರಕ್ಕೆ ಆ ಟ್ರೇ ಕಾಣುವುದೇ ಇಲ್ಲ. ಬಣ್ಣ ಬದಲಿಸಿದ್ದು ಸುಲಭದ ಭಾಗ. 2022ರ ಏಪ್ರಿಲ್‌ನಿಂದ ಬ್ರಿಟನ್ ಶೇ 30ಕ್ಕಿಂತ ಕಡಿಮೆ ಮರುಬಳಕೆಯ ಅಂಶವಿರುವ ಪ್ಲಾಸ್ಟಿಕ್ ಪ್ಯಾಕಿಂಗ್ ಮೇಲೆ ಟನ್ನಿಗೆ 200 ಪೌಂಡಿನಿಂದ ಶುರುವಾದ ತೆರಿಗೆ ಹಾಕಿತು. ಯುರೋಪಿಯನ್ ಒಕ್ಕೂಟದ 2025ರ ಹೊಸ ಪ್ಯಾಕಿಂಗ್ ಕಾಯಿದೆ 2030ರ ಹೊತ್ತಿಗೆ ಪ್ಯಾಕಿಂಗ್ ಎಲ್ಲ ಮರುಬಳಕೆಗೆ ಒಗ್ಗುವಂತಿರಬೇಕು ಎನ್ನುತ್ತದೆ. ಹಾಗಾಗಿ ಟ್ರೇಯೂ ಫಿಲ್ಮೂ ಒಂದೇ ಜಾತಿಯ ಪ್ಲಾಸ್ಟಿಕ್ ಆಗಿರಲಿ ಎಂಬ ಒತ್ತಡ ಬಂದಿದೆ, ಉದಾಹರಣೆಗೆ ಎರಡೂ ಪಾಲಿಪ್ರೊಪಿಲೀನ್.

ಸೀಲ್ ಮಾಡುವವನಿಗೆ ಇದು ಅಷ್ಟು ಶುಭ ಸುದ್ದಿಯಲ್ಲ. ಹೊರಪದರ ಪಾಲಿಯೆಸ್ಟರ್ ಆಗಿದ್ದಾಗ ಒಳಪದರ ಕರಗುವುದಕ್ಕೂ ಹೊರಪದರ ಕೆಡುವುದಕ್ಕೂ ನಡುವೆ ನೂರು ಡಿಗ್ರಿಯ ಆಸುಪಾಸಿನ ಅಂತರವಿತ್ತು. ಪಾಲಿಪ್ರೊಪಿಲೀನ್ ಕರಗುವುದೇ 160 ಡಿಗ್ರಿ ಆಸುಪಾಸಿನಲ್ಲಿ, ಅದಕ್ಕೂ ಮೊದಲೇ ಫಿಲ್ಮ್ ಮುದುರುತ್ತದೆ. ಆ ಅಂತರ ಈಗ ಹತ್ತಾರು ಡಿಗ್ರಿಗೆ ಇಳಿದಿದೆ. ಮೊದಲು ಅಂಚಿನಲ್ಲಿ ಸ್ವಲ್ಪ ತೇವವಿದ್ದರೆ ಶಾಖ ಹತ್ತು ಡಿಗ್ರಿ ಏರಿಸಿ ಕೆಲಸ ಸಾಗಿಸುತ್ತಿದ್ದವರಿಗೆ ಈಗ ಆ ದಾರಿ ಮುಚ್ಚಿದೆ. ತುಂಬುವ ಜಾಗದ ಕೊಳೆಯನ್ನು ಸೀಲ್ ಯಂತ್ರದ ಬಿಸಿಯಲ್ಲಿ ಮರೆಮಾಡುವ ಹಳೆಯ ಅಭ್ಯಾಸ ಇನ್ನು ನಡೆಯದು. ಕಾಗದದ ನಾರಿನ ಟ್ರೇಗಳಿಗೆ ಒಳಮೈಯಲ್ಲಿ ತೆಳು ಪ್ಲಾಸ್ಟಿಕ್ ಅಂಟಿಸಬೇಕು, ಅಂಚು ಎಷ್ಟೇ ಒತ್ತಿದರೂ ಪ್ಲಾಸ್ಟಿಕ್ಕಿನಷ್ಟು ಸಮತಟ್ಟಾಗದು. ಮೂಲೆಗಳ ಮಡಿಕೆಯಲ್ಲಿ ಗಾಳಿ ದಾರಿ ಹುಡುಕುತ್ತದೆ. ಸದ್ಯಕ್ಕೆ ಅವು ಬಾಳಿಕೆ ಕಡಿಮೆಯಿರುವ ಊಟಕ್ಕೆ ಒಪ್ಪುತ್ತವೆ.

ತೆರೆಯುವವರ ಕಡೆ ಗಮನ ತಡವಾಗಿ ಹರಿದಿದೆ. ಸುಲಭವಾಗಿ ತೆರೆಯುವ ಪ್ಯಾಕಿಂಗ್ ಬಗ್ಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದೇ 2015ರಲ್ಲಿ. ಮೂಲೆಯ ಕಿವಿಯನ್ನು ಎರಡು ಬೆರಳಿಗೆ ಸಿಗುವಷ್ಟು ದೊಡ್ಡದು ಮಾಡುವುದು, ಎಳೆತ ಶುರುವಾಗುವ ಮೂಲೆಯಲ್ಲಿ ಬೆಸುಗೆಗೆ ಚೂಪಾದ ಆಕಾರ ಕೊಡುವುದು, ಇಷ್ಟರಿಂದಲೇ ಕೈನೋವಿನವರಿಗೆ ಎಷ್ಟೋ ಹಗುರ. ಬಿಸಿಯಾದಾಗ ತಾನೇ ಒಂದು ಕಡೆ ಬಿಟ್ಟುಕೊಂಡು ಆವಿ ಹೊರಹಾಕುವ ಸೀಲ್‌ಗಳೂ ಇವೆ. ಫೋರ್ಕಿನಿಂದ ಚುಚ್ಚುವ ಕೆಲಸ ತಪ್ಪುತ್ತದೆ.

ಕರ್ನಾಟಕದಲ್ಲಿ ಸಿದ್ಧ ಊಟ ಎಂದರೆ ಇಂದಿಗೂ ಮುಖ್ಯವಾಗಿ ಪೌಚು. ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ಬೆಳೆಸಿದ ತಂತ್ರಜ್ಞಾನವೇ ಎಂಟಿಆರ್‌ನಂಥ ಕಂಪನಿಗಳ ಮೂಲಕ ಮನೆಮನೆಗೆ ಬಂತು. ಕರೆಂಟು ಹೋಗುವ, ಡೆಲಿವರಿ ಹುಡುಗ ಬಿಸಿಲಲ್ಲಿ ಸಿಗ್ನಲ್ಲಿಗೆ ಕಾಯುವ ಊರುಗಳಿಗೆ ಅದು ಸರಿಯಾದ ಆಯ್ಕೆಯೂ ಆಗಿತ್ತು. ಈಗ ತಂಪಿನ ಸಾಮಾನು ಬೇರೆ ದಾರಿಯಿಂದ ಬರುತ್ತಿದೆ: ದೋಸೆ ಹಿಟ್ಟು, ಚಟ್ನಿ, ಅರೆಬೆಂದ ಪರೋಟ. ದೋಸೆ ಹಿಟ್ಟಿನದ್ದು ಉಲ್ಟಾ ಲೆಕ್ಕ. ಅದು ಪ್ಯಾಕಿನೊಳಗೂ ಹುದುಗುತ್ತಲೇ ಇರುತ್ತದೆ, ಗಾಳಿ ಬಿಡುತ್ತದೆ; ಪೂರ್ತಿ ಬಿಗಿ ಮಾಡಿದರೆ ಉಬ್ಬಿ ಒಡೆಯುತ್ತದೆ. ಗಟ್ಟಿ ಸೀಲ್ ಮಾಡಿದ ಪ್ಯಾಕ್ ಮಂಗಳೂರಿನಿಂದ ಮಡಿಕೇರಿ ಹತ್ತಿದರೆ ಹೊರಗಿನ ಗಾಳಿಯ ಒತ್ತಡ ಶೇ 13ರಷ್ಟು ಇಳಿದಿರುತ್ತದೆ. ಸಮುದ್ರಮಟ್ಟದಲ್ಲಿ ಎಳೆತದ ಪರೀಕ್ಷೆ ಪಾಸಾದ ಅಂಚು ಘಾಟಿಯ ತುದಿಯಲ್ಲಿ ಇನ್ನೊಂದು ಪರೀಕ್ಷೆ ಬರೆಯುತ್ತಿರುತ್ತದೆ.

ಬೆಂಗಳೂರಿನ ಪಾರ್ಸೆಲ್ ಅಡುಗೆಮನೆಗಳಲ್ಲಿ ಸಾಂಬಾರಿನ ಪ್ಲಾಸ್ಟಿಕ್ ಕವರಿಗೆ ಗಂಟು ಹಾಕುವುದು ಕಡಿಮೆಯಾಗಿ, ಕೈಯಿಂದ ಒತ್ತುವ ಕಪ್ ಸೀಲಿಂಗ್ ಯಂತ್ರ ಬಂದಿದೆ. ಕುದಿಯುವ ಸಾಂಬಾರನ್ನು ಕಂಠಮಟ್ಟ ತುಂಬುತ್ತಾರೆ, ಆವಿ ಅಂಚಿನ ಮೇಲೆ ಹನಿಗಟ್ಟುತ್ತದೆ, ಒಗ್ಗರಣೆಯ ಸಾಸಿವೆಯೊಂದು ಅಲ್ಲೇ ಕೂತಿರುತ್ತದೆ, ಹಿಡಿ ಒತ್ತಿಬಿಡುತ್ತಾರೆ. ಅರ್ಧ ಗಂಟೆಯೊಳಗೆ ತಿನ್ನುವ ಸಾಂಬಾರಿಗೆ ಅದು ಸಾಕು. ಅದೇ ಯಂತ್ರದಲ್ಲಿ ಚಟ್ನಿ, ಪಲ್ಯ, ಗೊಜ್ಜು ಸೀಲ್ ಮಾಡಿ ಮೂರು ದಿನ ಫ್ರಿಜ್ಜಿನಲ್ಲಿಟ್ಟು ಮಾರಲು ಹೊರಟವರು ಮೊದಲು ಕೊಳ್ಳಬೇಕಾದದ್ದು ಹೊಸ ಯಂತ್ರವಲ್ಲ. ಅಂಚಿಗಿಂತ ಒಂದು ಸೆಂಟಿಮೀಟರ್ ಕೆಳಗೆ ತುಂಬಲಿ, ಅಂಚನ್ನು ಒಣ ಬಟ್ಟೆಯಿಂದಲ್ಲ, ಒಂದು ಸಲ ಬಳಸಿ ಬಿಸಾಡುವ ಕಾಗದದಿಂದ ಒರೆಸಲಿ, ದಿನಕ್ಕೆ ಹತ್ತು ಖಾಲಿ ಕಪ್ಪುಗಳಿಗೆ ಒಂದೆರಡು ಚಮಚ ಬಣ್ಣದ ನೀರು, ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಸೀಲ್ ಮಾಡಿ, ಬಿಳಿ ಕಾಗದದ ಮೇಲೆ ತಲೆಕೆಳಗಾಗಿ ಐದು ನಿಮಿಷ ಇಡಲಿ. ಕಾಗದದ ಮೇಲೆ ಕಲೆ ಬಿದ್ದ ಕಡೆಯಿಂದ ಯಂತ್ರದ ಯಾವ ಬದಿ ತಣ್ಣಗಿದೆ ಎಂಬುದು ಗೊತ್ತಾಗುತ್ತದೆ. ಆ ಕಪ್ಪುಗಳನ್ನು ಮತ್ತೆ ಊಟಕ್ಕೆ ಬಳಸಬಾರದು.